ಧ್ಯಾನಕ್ಕೆ ಟೈಮ್ ಇಲ್ಲದ ಟೀಮ್ ಲೀಡರ್‌ಗೆ ಮೈಂಡ್‌ಫುಲ್‌ನೆಸ್ ಉಪಯೋಗಕ್ಕೆ ಬರುತ್ತಾ?

ಹೊಸದಾಗಿ 14 ಜನರ ಟೀಮ್ ಕೈಗೆ ಬಂದಿದೆ, ಸಣ್ಣದಕ್ಕೂ ರೇಗಿಬಿಡುತ್ತೇನೆ, ಕೂತು ಧ್ಯಾನ ಮಾಡಲು ಟೈಮ್ ಇಲ್ಲ, ಮೈಂಡ್‌ಫುಲ್‌ನೆಸ್‌ನಿಂದ ಏನಾದರೂ ಉಪಯೋಗ ಇದೆಯಾ ಅಂತ ಕೇಳಿದ್ದೀರಿ. ಇದೆ. ಮೈಂಡ್‌ಫುಲ್‌ನೆಸ್ ಅಂದರೆ ಈ ಕ್ಷಣ ನಡೆಯುತ್ತಿರುವುದರ ಮೇಲೆ ಪೂರ್ತಿ ಗಮನ ಇಡುವುದು. ಎದುರಿಗೆ ನಿಂತವರ ಮಾತನ್ನು ಪೂರ್ತಿ ಕೇಳುವುದರಿಂದ ಶುರು ಮಾಡಿ, ಕಣ್ಣು ಮುಚ್ಚಿ ಕೂರುವುದು ಆಮೇಲೆ ನೋಡೋಣ. ನಾನು ಇದನ್ನು ಕಲಿತದ್ದು ಒಬ್ಬ ಹುಡುಗನ ಕಾಲು ಸುಟ್ಟ ಮೇಲೆ.

ಶಿವಮೊಗ್ಗ-ಭದ್ರಾವತಿ ನಡುವಿನ, ಕಬ್ಬಿಣ ಕರಗಿಸಿ ಎರಕ ಹೊಯ್ಯುವ ಒಂದು ಫೌಂಡ್ರಿಯಲ್ಲಿ ನಾನು ಶಿಫ್ಟ್ ಇನ್‌ಚಾರ್ಜ್. ಆಗ ಜುಲೈ, ಪುನರ್ವಸು ಮಳೆ ಮೂರು ದಿನದಿಂದ ಬಿಟ್ಟಿರಲಿಲ್ಲ. ಗೋಡೆ, ಮರಳು, ಹಾಕಿಕೊಂಡ ಬಟ್ಟೆ ಎಲ್ಲಾ ಥಂಡಿ. ಕರಗಿದ ಕಬ್ಬಿಣ ಹಿಡಿಯುವ ಲೇಡಲ್‌ಗೆ ಹಿಂದಿನ ದಿನವಷ್ಟೇ ಒಳಗಡೆ ಹೊಸ ಲೈನಿಂಗ್, ಅಂದರೆ ಶಾಖ ತಡೆಯುವ ಪದರ, ಮಾಡಿದ್ದರು. ನಮ್ಮಲ್ಲಿ ತುಂಬಾ ವರ್ಷದಿಂದ ಇರುವ ಒಬ್ಬರು ಬಂದು, "ಸಾರ್, ಲೇಡಲ್ ಇನ್ನೂ ಸರಿ ಕಾದಂಗಿಲ್ಲ" ಅಂದರು. ನಾನು ಮೊಬೈಲ್‌ನಲ್ಲಿ ಡಿಸ್ಪ್ಯಾಚ್ ಮೆಸೇಜ್ ನೋಡುತ್ತಿದ್ದೆ. ತಲೆ ಎತ್ತಲೇ ಇಲ್ಲ. "ಹ್ಞೂಂ, ನಡೀಲಿ" ಅಂದೆ.

ಲೈನಿಂಗ್‌ನಲ್ಲಿ ಉಳಿದ ಪಸೆ ಸಾಕು. ನೀರು ಆವಿಯಾದರೆ ಸುಮಾರು 1,600 ಪಟ್ಟು ಹಿಗ್ಗುತ್ತದೆ, ಅದರ ಮೇಲೆ ಕರಗಿದ ಕಬ್ಬಿಣ ಸುರಿದರೆ ಚಿಮ್ಮದೇ ಇರುತ್ತಾ? ಒಂದು ಹನಿ ಆ ಹುಡುಗನ ಶೂ ಒಳಗೆ ಹೋಯಿತು. ಗಾಯ ವಾಸಿಯಾಗಲು ಐದು ವಾರ ಹಿಡಿಯಿತು.

ಆಸ್ಪತ್ರೆ ವರಾಂಡಾದಲ್ಲಿ ಆ ಹಿರಿಯರು ನನ್ನ ಪಕ್ಕದಲ್ಲೇ ಕೂತಿದ್ದರು. "ಇನ್ನೊಂದು ಸಲ ಹೇಳಬಹುದಿತ್ತಲ್ಲ" ಅಂದೆ. "ಹೇಳಿದ್ರೆ ಬೈತಿದ್ರಿ ಸಾರ್" ಅಂದರು. ಅದೇ ನನಗೆ ಜಾಸ್ತಿ ನಾಟಿದ್ದು. ರೇಗುವ ಮೇಲಧಿಕಾರಿ ಹತ್ತಿರ ಕೆಟ್ಟ ಸುದ್ದಿ ತರಲು ಯಾರಿಗೂ ಧೈರ್ಯ ಬರುವುದಿಲ್ಲ, ತಂದರೂ ಅರ್ಧ ಹೇಳಿ ಸುಮ್ಮನಾಗುತ್ತಾರೆ. ನಿಮ್ಮದು ಆಫೀಸ್ ಕೆಲಸವಾದರೂ ಇದು ಹೀಗೇ ಅಲ್ವಾ?

ಈಗ ನಾನು ಮಾಡುವುದು ಇಷ್ಟೇ. ಯಾರಾದರೂ ಮಾತಾಡಲು ಬಂದರೆ ಮೊಬೈಲ್ ಜೇಬಿಗೆ ಹೋಗುತ್ತದೆ. ಎರಡೂ ಪಾದ ನೆಲಕ್ಕೆ ಊರಿದ್ದು ಗಮನಕ್ಕೆ ತಂದುಕೊಳ್ಳುತ್ತೇನೆ, ಮಾತು ಮುಗಿದ ಮೇಲೆ ಒಂದು ಉಸಿರು ನಿಧಾನಕ್ಕೆ ಬಿಟ್ಟು ಉತ್ತರ ಕೊಡುತ್ತೇನೆ. ಉಸಿರು ಬಿಡುವಾಗ ಎದೆಬಡಿತ ಸ್ವಲ್ಪ ಇಳಿಯುತ್ತದೆ, ಅಷ್ಟರಲ್ಲಿ ಬಾಯಿಗೆ ಬಂದಿದ್ದ ಮೊದಲ ಮಾತು ಹಿಂದೆ ಸರಿದಿರುತ್ತದೆ. ಸಿಟ್ಟು ಬರುವ ಮುಂಚೆ ನನಗೆ ಕಿವಿ ಬಿಸಿಯಾಗುತ್ತದೆ, ಹಲ್ಲು ಕಚ್ಚಿಕೊಂಡಿರುತ್ತೇನೆ. ನಿಮಗೆ ಬೇರೆ ಏನೋ ಆಗಬಹುದು, ಒಂದು ವಾರ ಸುಮ್ನೆ ಗಮನಿಸಿ ನೋಡಿ. ಗೊತ್ತಾದರೆ ಅರ್ಧ ಕೆಲಸ ಆದ ಹಾಗೆ.

ಇದು ಹೊಸದೇನೂ ಅಲ್ಲ. ಬೌದ್ಧರು ಪಾಲಿ ಭಾಷೆಯಲ್ಲಿ 'ಸತಿ' ಅನ್ನುವುದು ಇದನ್ನೇ. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಜಾನ್ ಕಬಟ್-ಜಿನ್ ಅನ್ನುವವರು ಅದನ್ನು ಆಸ್ಪತ್ರೆಗೆ ತಂದರು, ವಾಸಿಯಾಗದ ನೋವಿನಿಂದ ಬಳಲುವವರಿಗೆ ಕೆಲವು ವಾರಗಳ ತರಬೇತಿಯಾಗಿ. ಕಂಪನಿಗಳು ಹಿಡಿದುಕೊಂಡದ್ದು ಆಮೇಲೆ.

ಒಂದು ಎಚ್ಚರಿಕೆ. ಟೀಮ್‌ನವರನ್ನು ಸಾಲಾಗಿ ಕೂರಿಸಿ ಧ್ಯಾನ ಮಾಡಿಸಬೇಡಿ. ಆರು ಜನರ ಕೆಲಸವನ್ನು ನಾಲ್ಕು ಜನ ಮಾಡುತ್ತಿದ್ದರೆ ಅವರಿಗೆ ಬೇಕಾಗಿರುವುದು ಇನ್ನಿಬ್ಬರು, ಉಸಿರಾಟದ ಪಾಠದಿಂದ ಅದು ಸರಿಹೋಗಲ್ಲ. ಆ ಇನ್ನಿಬ್ಬರನ್ನು ಮ್ಯಾನೇಜ್‌ಮೆಂಟ್ ಹತ್ತಿರ ಕೇಳಬೇಕಾದವರು ನೀವೇ.

ನಾನು ಈಗಲೂ ರೇಗುತ್ತೇನೆ, ತಿಂಗಳಲ್ಲಿ ಒಂದೆರಡು ಸಲ. ಅವತ್ತೇ ಶಿಫ್ಟ್ ಮುಗಿಯುವ ಮುಂಚೆ ಹೋಗಿ, ಬೈದದ್ದು ಎಲ್ಲರ ಎದುರಿಗಾಗಿದ್ದರೆ ಎಲ್ಲರ ಎದುರಿಗೇ, ತಪ್ಪಾಯಿತು ಅನ್ನುತ್ತೇನೆ. ಹೋದ ಮಳೆಗಾಲದಲ್ಲಿ ಅದೇ ಹಿರಿಯರು ಕೈ ಅಡ್ಡ ಹಿಡಿದು, "ಸಾರ್, ಇವತ್ತು ಪೋರಿಂಗ್ ಬೇಡ" ಅಂದರು. ಒಂದು ಗಂಟೆ ತಡವಾಯಿತು. ಲೇಡಲ್ ಮತ್ತೆ ಕಾಯಿಸಿದೆವು.