ಜುಬಿನ್ ಮೆಹ್ತಾ ಅವರಂತೆ ಆರ್ಕೆಸ್ಟ್ರಾ ಕಂಡಕ್ಟರ್ ಆಗಲು ಕೆಲಸ ಬಿಟ್ಟು ವಿಯೆನ್ನಾಗೆ ಹೋಗಲೇ, ಇಲ್ಲೇ ಆನ್‌ಲೈನ್‌ನಲ್ಲಿ ಕಲಿಯಲೇ?

ನಿಮ್ಮ ವಯಸ್ಸಿನಲ್ಲಿ ನನ್ನ ತಲೆಯಲ್ಲೂ ಇದೇ ಕೂತಿತ್ತು. ಬೆಂಗಳೂರಿನಲ್ಲಿ ಕೆಲಸ, ಚಿಕ್ಕಂದಿನಿಂದ ಕಲಿತ ಕರ್ನಾಟಕ ಸಂಗೀತದ ಪಿಟೀಲು, ಗೋಡೆ ಮೇಲೆ ಮೆಹ್ತಾ ಫೋಟೋ. ಅವರು ಡಾಕ್ಟರ್ ಓದು ಬಿಟ್ಟು 1954ರಲ್ಲಿ, 18ನೇ ವಯಸ್ಸಿಗೆ, ವಿಯೆನ್ನಾಗೆ ಹೋದರು. 1962ರಲ್ಲಿ ಲಾಸ್ ಏಂಜಲೀಸ್ ಫಿಲ್ಹಾರ್ಮೋನಿಕ್ ಆರ್ಕೆಸ್ಟ್ರಾ ಅವರ ಕೈಗೆ ಬಂತು. ನನಗೆ ಗೊತ್ತಿದ್ದದ್ದು ಅಷ್ಟೇ.

ಮೂರು ವರ್ಷ ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಬೀಥೋವನ್‌ನ ಐದನೇ ಸಿಂಫನಿಗೆ ಕಂಡಕ್ಟರ್‌ನಂತೆ ಕೈ ಆಡಿಸಿದೆ. ಒಮ್ಮೆ ಹವ್ಯಾಸಿಗಳ ತಂಡವೊಂದು ಒಂದು ದಿನದ ಅಭ್ಯಾಸ ನಡೆಸಿಕೊಡಿ ಅಂತ ಕರೆಯಿತು. ಸುಮಾರು 30 ಜನ.

ಆ ಸಿಂಫನಿಯಲ್ಲಿ ಬರೆದಿರುವ ಮೊದಲ ಚಿಹ್ನೆಯೇ ಒಂದು ವಿರಾಮ. ಎರಡು ಪೆಟ್ಟಿನ ತಾಳ. ಮೊದಲ ಪೆಟ್ಟು ಖಾಲಿ ಬೀಳುತ್ತದೆ. ಅರ್ಧ ಪೆಟ್ಟು ಕಳೆದ ಮೇಲೆ 'ತ ತ ತ', ಆಮೇಲೆ ಉದ್ದನೆಯ 'ತಾಂ'. ನಮ್ಮಲ್ಲಿ ಅರ್ಧ ಎಡುಪು ಅಂತೀವಲ್ಲ, ಹಾಗೆ. ಪಿಟೀಲು ಕಲಿತ ನನಗೆ ಇದು ಕಷ್ಟವೇ ಅಲ್ಲ. ಆದರೆ ರೆಕಾರ್ಡಿಂಗ್‌ನಲ್ಲಿ ಆ ಖಾಲಿ ಜಾಗ ಕೇಳಿಸುವುದಿಲ್ಲ, ಸ್ಕೋರ್, ಅಂದರೆ ಎಲ್ಲ ವಾದ್ಯಗಳ ಸ್ವರ ಬರೆದಿರುವ ಪುಸ್ತಕ, ನಾನು ತೆರೆದೇ ಇರಲಿಲ್ಲ. ಖಾಲಿ ಪೆಟ್ಟಿಗೆ ಕೈ ಇಳಿಸುವ ಬದಲು ಮೊದಲ 'ತ'ಕ್ಕೇ ಇಳಿಸಿದೆ. ಅದನ್ನು ಖಾಲಿ ಪೆಟ್ಟು ಅಂದುಕೊಂಡವರು ತಡವಾಗಿ ಬಂದರು, ಉಳಿದವರು ಅಂದಾಜಿನಲ್ಲಿ ನುಡಿಸಿದರು. ಮೂರು ಸಲ ಹೀಗೇ ಆಯಿತು. ಕೈ ಮೇಲೆತ್ತುವಾಗಲೇ, ಉಸಿರು ಎಳೆದಂತೆ, ವೇಗ ತಿಳಿಸಬೇಕು. ಅದೂ ನನ್ನಲ್ಲಿರಲಿಲ್ಲ. "ಸರ್, ಯಾವ ಸ್ಪೀಡು?" ಅಂತ ಮುಂದೆ ಕೂತಿದ್ದ ಪಿಟೀಲಿನವರು ಮೆಲ್ಲಗೆ ಕೇಳಿದರು. ಉತ್ತರ ಗೊತ್ತಿರಲಿಲ್ಲ. ಮೂರು ವರ್ಷವೂ ರೆಕಾರ್ಡಿಂಗ್ ಮುಂದೆ ಹೋಗುತ್ತಿತ್ತು, ನನ್ನ ಕೈ ಅದರ ಹಿಂದೆ. ಆ ತಂಡ ಮತ್ತೆ ಕರೆಯಲಿಲ್ಲ.

ಹಾಗಾಗಿ ವಿಯೆನ್ನಾನೋ ಆನ್‌ಲೈನೋ ಅನ್ನೋ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಮೆಹ್ತಾ ಅವರ ತಂದೆ ಮೆಹ್ಲಿ ಮೆಹ್ತಾ 1935ರಲ್ಲಿ ಬಾಂಬೆ ಸಿಂಫನಿ ಆರ್ಕೆಸ್ಟ್ರಾ ಕಟ್ಟಿದವರು. ಮಗ ಬೆಳೆದದ್ದೇ ಆ ವಾದ್ಯಗಳ ನಡುವೆ. ವಿಯೆನ್ನಾದಲ್ಲಿ ಹನ್ಸ್ ಸ್ವಾರೋವ್ಸ್ಕಿ ಹತ್ತಿರ ಕಲಿಯುವಾಗ ದೊಡ್ಡ ಪಿಟೀಲಿನಂಥ ಡಬಲ್ ಬಾಸ್ ಕೂಡ ನುಡಿಸಿದರು. ದೊಡ್ಡ ಕಂಡಕ್ಟರ್‌ಗಳ ಅಭ್ಯಾಸ ನೋಡಲು ಹೊರಗಿನವರನ್ನು ಬಿಡುತ್ತಿರಲಿಲ್ಲ. ಅದಕ್ಕೇ ಅವರೂ ಸಹಪಾಠಿ ಕ್ಲಾಡಿಯೊ ಅಬ್ಬಾಡೊ ಅವರೂ ಗಾಯಕವೃಂದ ಸೇರಿಬಿಟ್ಟರು. ಹಾಡುತ್ತಾ ಆ ಕಾಲದ ಹೆಸರಾಂತ ಕಂಡಕ್ಟರ್ ಕರಾಯನ್ ಅವರ ಕೈ ನೋಡಿದರು. ಎಂಥಾ ಹಸಿವು ಅಲ್ವಾ!

ನೀವೂ ಕೆಲಸ ಬಿಡಬೇಡಿ, ಯಾವುದಾದರೂ ಕಾಯರ್ (ಗಾಯಕವೃಂದ) ಸೇರಿ. ಎರಡು ವರ್ಷ ಇನ್ನೊಬ್ಬರ ಕೈ ನೋಡಿಕೊಂಡು ಹಾಡಿ. ಆಮೇಲೆ ವಿಯೆನ್ನಾ ಮಾತು. ಸ್ಕೋರ್ ಓದಲು ಬರುತ್ತಾ ಅಂತ ನೀವು ಬರೆದಿಲ್ಲ. ಬರದಿದ್ದರೆ ಇವತ್ತೇ ಐದನೇ ಸಿಂಫನಿಯ ಮೊದಲ ಪುಟ ತೆರೆಯಿರಿ.