ಕಾಡಂಚಿನ ಇಟ್ಟಿಗೆ ಮನೆಗೆ ಅಡ್ವಾನ್ಸ್ ಕೊಡ್ಲಾ?

ಪ್ರಶ್ನೆ: ಅಕ್ಕಾ ನಮಸ್ತೆ. ನಾವು ತುಮಕೂರಲ್ಲಿ ಬಾಡಿಗೆ ಮನೇಲಿದೀವಿ, ಅತ್ತೆ ಮಾವ, ನಾವಿಬ್ರು, ಎರಡು ಮಕ್ಕಳು. ಊರ್ಡಿಗೆರೆ ಕಡೆ ದೇವರಾಯನದುರ್ಗದ ಕಾಡಿಗೆ ಅಂಟ್ಕೊಂಡ ಹಾಗೆ ಒಂದು ಹಳೇ ಇಟ್ಟಿಗೆ ಮನೆ ಮಾರಾಟಕ್ಕಿದೆ, ದೊಡ್ಡ ಹಜಾರ, ಐದು ರೂಮು, ಹಂಚಿನ ಸೂರು, ಹಿತ್ಲು ದಾಟಿದ್ರೆ ಕಾಡೇ. ನೋಡಿ ಬಂದ ದಿನದಿಂದ ಮನಸ್ಸೆಲ್ಲಾ ಅಲ್ಲೇ ಇದೆ. ತಾತನ ಕಾಲದ ಮನೆ, ತಂದೆ ತೀರ್ಕೊಂಡಿದಾರೆ, ಮಾರ್ತಿರೋರು ಮೂರು ಜನ ಅಣ್ಣತಮ್ಮಂದಿರು. ಇಬ್ರು ಹೆಣ್ಮಕ್ಕಳು ಮದುವೆಯಾಗಿ ಹೋಗಿದಾರೆ, "ಅವರೇನೂ ಕೇಳಲ್ಲ ಬಿಡಿ" ಅಂತಾರೆ. ಈ ವಾರ ಐದು ಲಕ್ಷ ಅಡ್ವಾನ್ಸ್ ಕೊಟ್ರೆ ಬೇರೆಯವರಿಗೆ ತೋರ್ಸಲ್ವಂತೆ. ಕೊಡ್ಲಾ?
ಓದುಗರು, ತುಮಕೂರು

ಉತ್ತರ: ಈ ವಾರ ಕೊಡ್ಬೇಡಿ ತಂಗಿ. ಮನೆ ಬೇಡ ಅಂತಿಲ್ಲ ನಾನು, ಅಂಥ ಹಜಾರ ಇರೋ ಮನೆ ಈಗ ಕಟ್ಟಿಸ್ತೀನಿ ಅಂದ್ರೂ ಆಗಲ್ಲ, ಆದ್ರೆ "ಅವರೇನೂ ಕೇಳಲ್ಲ" ಅನ್ನೋ ಮಾತು ಓದಿದ ತಕ್ಷಣ ನನಗೆ ಎದೆ ಧಸಕ್ ಅಂತು. ಹೆಣ್ಮಕ್ಕಳು ಇವತ್ತು ಕೇಳಲ್ಲ, ನಾಳೆ ಅವರ ಮಕ್ಕಳು ಕೇಳ್ತಾರೆ, ಆಗ ಕೋರ್ಟಿಗೆ ಅಲೆಯೋರು ನೀವು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಆದ್ಮೇಲೆ ಪಿತ್ರಾರ್ಜಿತ ಆಸ್ತಿಲಿ ಮಗಳಿಗೂ ಮಗನಷ್ಟೇ ಹಕ್ಕು, ತಂದೆ ಅದಕ್ಕೂ ಮೊದಲೇ ತೀರ್ಕೊಂಡಿದ್ರೂ ಸರಿ ಅಂತ 2020ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ತಂದೆಯ ಸ್ವಂತ ಸಂಪಾದನೆ ಅಂತಾದ್ರೂ, ವಿಲ್ ಬರೀದೆ ಹೋಗಿದ್ರೆ ಹೆಣ್ಮಕ್ಕಳಿಗೂ ಅವರ ತಾಯಿಗೂ ಪಾಲಿದೆ. ತಾಯಿ ಇದಾರಾ ಇಲ್ವಾ ಅಂತ ನೀವು ಬರ್ದಿಲ್ಲ, ಮೊದಲು ಅದನ್ನ ಕೇಳಿ. ವಂಶವೃಕ್ಷ ತರಿಸ್ಕೊಳ್ಳಿ, ಅದರಲ್ಲಿರೋ ಎಲ್ರೂ ಕ್ರಯಪತ್ರಕ್ಕೆ ಸಹಿ ಹಾಕ್ಬೇಕು, ಇಲ್ಲಾಂದ್ರೆ ಹೆಣ್ಮಕ್ಕಳು ಮೊದಲೇ ಹಕ್ಕು ಖುಲಾಸೆ ಪತ್ರ, ಅಂದ್ರೆ ನಮ್ಮ ಪಾಲು ಬಿಟ್ಟುಕೊಟ್ಟಿದೀವಿ ಅನ್ನೋ ಪತ್ರ, ರಿಜಿಸ್ಟರ್ ಮಾಡಿಕೊಟ್ಟಿರ್ಬೇಕು. ಫೋನಲ್ಲಿ "ಹೂಂ" ಅಂದಿದ್ದು ಲೆಕ್ಕಕ್ಕಿಲ್ಲ.

ಇನ್ನು ಹಿತ್ಲು. ಹಿತ್ಲು ದಾಟಿದ್ರೆ ಕಾಡು ಅಂದ್ರಲ್ಲ, ಆ ಹಿತ್ಲೇ ಕಾಡಿನದ್ದಾಗಿದ್ರೆ? ಬೇಲಿ ಎಲ್ಲಿದೆಯೋ ಅಲ್ಲಿವರೆಗೂ ನಮ್ದೇ ಅಂತ ಎರಡು ತಲೆಮಾರು ಅನುಭವಿಸ್ಕೊಂಡು ಬಂದಿರ್ತಾರೆ, ಅವರು ಸುಳ್ಳು ಹೇಳ್ತಿದಾರೆ ಅಂತಲ್ಲ, ಅವರಿಗೂ ಗೊತ್ತಿರಲ್ಲ. ನಿಂತ ಜಾಗದ ಸರ್ವೆ ನಂಬರ್ ತೋರಿಸೋ ಸರ್ಕಾರದ ದಿಶಾಂಕ್ ಆಪ್ ಫೋನಿಗೆ ಹಾಕ್ಕೊಂಡು ಹಿತ್ಲಲ್ಲಿ ನಿಂತು ಸರ್ವೆ ನಂಬರ್ ನೋಡಿ, ಅದು ಅಂದಾಜಿಗೆ ಅಷ್ಟೇ. ಆಮೇಲೆ ಮಾರೋರ ಕೈಲೇ ಹದ್ದುಬಸ್ತಿಗೆ (ಸರ್ವೆಯವರು ಬಂದು ಗಡಿ ಗುರುತು ಮಾಡೋದು) ಅರ್ಜಿ ಹಾಕಿಸಿ ಅಳತೆ ಮಾಡಿಸಿ. ಅರಣ್ಯದ ರೇಂಜ್ ಆಫೀಸಲ್ಲಿ ಆ ಸರ್ವೆ ನಂಬರಿಗೆ 1963ರ ಅರಣ್ಯ ಕಾಯ್ದೆ ಸೆಕ್ಷನ್ 4 ಅಥವಾ 17ರ ನೋಟಿಫಿಕೇಶನ್ ಇದೆಯಾ ಅಂತ ಬರವಣಿಗೇಲಿ ಕೇಳಿ. 4 ಅಂದ್ರೆ ಮೀಸಲು ಅರಣ್ಯ ಮಾಡ್ತೀವಿ ಅಂತ ಹೊರಡಿಸಿದ್ದು, 17 ಅಂದ್ರೆ ಮಾಡಿ ಮುಗಿಸಿದ್ದು. ಪಂಚಾಯ್ತಿ ಆಸ್ತಿಗಳ ಆನ್‌ಲೈನ್ ದಾಖಲೆ ಇ-ಸ್ವತ್ತಲ್ಲಿ ಅಧಿಕೃತ ಆಸ್ತಿಗೆ ಕೊಡೋ ನಮೂನೆ 9, 11ಎ ಇದ್ರೆ ಒಳ್ಳೇದು, ಅಧಿಕೃತ ಅಲ್ಲದ್ದಕ್ಕೆ ಕೊಡೋ 11ಬಿ ಇದ್ರೆ ಲೋನಿಗೆ ತೊಡಕು ಬರೋದುಂಟು, ಬ್ಯಾಂಕಲ್ಲಿ ಮೊದಲೇ ವಿಚಾರಿಸಿ. ಆಸ್ತಿ ಮೇಲೆ ಸಾಲ, ಮಾರಾಟ ಏನೇನು ರಿಜಿಸ್ಟರ್ ಆಗಿದೆ ಅಂತ ತೋರಿಸೋ ಇ.ಸಿ. (ಋಣಭಾರ ಪತ್ರ) ಕನಿಷ್ಠ 30 ವರ್ಷದ್ದು ತೆಗೆಸಿ.

ಗೋಡೆ ವಿಷಯ ಸ್ವಲ್ಪ ಉದ್ದ ಹೇಳ್ತೀನಿ ಬೇಜಾರ್ ಮಾಡ್ಕೋಬೇಡಿ. ಕೆಲವು ವರ್ಷದ ಹಿಂದೆ ನಾವೂ ಇಂಥದ್ದೇ ಒಂದು ಮನೆ ನೋಡೋಕೆ ಹೋಗಿದ್ವಿ, ಅಡುಗೆಮನೆ ಬಾಗಿಲ ಹಿಂದೆ ಗೋಡೆಗೆ ಸೊಂಟದೆತ್ತರ ಮಾತ್ರ ಹೊಸ ಪೇಂಟು. ಹೆಬ್ಬೆರಳಲ್ಲಿ ಒತ್ತಿದೆ, ಪೇಂಟು ಹಪ್ಪಳದ ಥರ ಎದ್ದು ಬಂತು, ಒಳಗೆ ಬಿಳೀ ಉಪ್ಪು, ಅದರ ಹಿಂದೆ ಇಟ್ಟಿಗೆ ಉಗುರಲ್ಲಿ ಕೆರೆದ್ರೆ ರಾಗಿಹಿಟ್ಟಿನ ಹಾಗೆ ಉದುರ್ತಿತ್ತು. ಹಳೇ ಮನೆಗಳಲ್ಲಿ ಪಾಯದ ಮೇಲೆ ಡಿಪಿಸಿ, ಅಂದ್ರೆ ತೇವ ತಡೆಯೋ ಪದರ, ಸಾಮಾನ್ಯವಾಗಿ ಹಾಕಿರಲ್ಲ, ನೆಲದ ತೇವ ಇಟ್ಟಿಗೆ ಹಿಡ್ಕೊಂಡು ಮೇಲೇರುತ್ತೆ, ನೀರು ಆರಿ ಹೋಗುತ್ತೆ ಉಪ್ಪು ಉಳಿಯುತ್ತೆ. ಮಣ್ಣು, ಸುಣ್ಣದ ಗಾರೇಲಿ ಕಟ್ಟಿದ ಗೋಡೆಗೆ ಚೆಂದ ಕಾಣ್ಲಿ ಅಂತ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದ್ರಂತೂ ತೇವ ಹೊರಗೆ ಹೋಗೋಕೆ ದಾರಿನೇ ಇರಲ್ಲ. ಅದಕ್ಕೇ ಹೇಳೋದು, ಬೀರು, ಮಂಚ ಸರಿಸಿ ಹಿಂದೆ ನೋಡಿ, ಬಾಗಿಲ ಚೌಕಟ್ಟಿನ ಬುಡಕ್ಕೆ ಸ್ಕ್ರೂಡ್ರೈವರ್ ಚುಚ್ಚಿ, ಸಲೀಸಾಗಿ ಒಳಗೆ ಹೋದ್ರೆ ಗೆದ್ದಲು ತಿಂದಿದೆ ಇಲ್ಲಾ ಮರ ಕೊಳೆತಿದೆ ಅಂತ. ಸಾಧ್ಯ ಆದ್ರೆ ಜೋರು ಮಳೆ ಬಂದ ಮಾರನೇ ದಿನ ಹೋಗಿ.

ಹಂಚಿನ ಸೂರು ಅಂದ್ರಲ್ಲ, ದೇವರಾಯನದುರ್ಗದ ಕಡೆ ಕೋತಿಗಳ ಕಾಟ ನಿಮಗೆ ಗೊತ್ತೇ ಇರುತ್ತೆ, ವರ್ಷಕ್ಕೊಂದ್ಸಲ ಹಂಚು ಕೈಯಾಡಿಸೋ ಖರ್ಚು ಇಟ್ಕೊಳ್ಳಿ.

ಚಿರತೆ ಬಗ್ಗೆ ನೀವು ಕೇಳಲಿಲ್ಲ, ಆದ್ರೆ ಮಕ್ಕಳಿರೋ ಮನೆ, ಹೇಳದೆ ಇರೋಕೆ ನನಗೆ ಮನಸ್ಸು ಬರಲ್ಲ. ತುಮಕೂರು ಸುತ್ತಮುತ್ತ ಚಿರತೆ ಇದೆ. ಅದು ಬರೋದು ಹೆಚ್ಚಾಗಿ ನಾಯಿ, ಕೋಳಿ, ಕುರಿಗೆ. ನಾಯಿನ ರಾತ್ರಿ ಹೊರಗೆ ಕಟ್ಟಬೇಡಿ, ಹಿತ್ಲಲ್ಲಿ ಪೊದೆ ಬೆಳೆಯೋಕೆ ಬಿಡಬೇಡಿ, ಹಿತ್ತಲ ಲೈಟು ಉರೀತಿರ್ಲಿ, ಬಚ್ಚಲು ಕಕ್ಕಸು ಹೊರಗಿದ್ರೆ ಮೊದಲ ಖರ್ಚು ಅದನ್ನ ಒಳಗೆ ತರೋದಕ್ಕೆ. ಕಂಡ್ರೆ ಅರಣ್ಯ ಇಲಾಖೆ ಸಹಾಯವಾಣಿ 1926.

ಬೋರ್‌ವೆಲ್ ನೀರು ಬಾಟ್ಲಿಗೆ ತುಂಬ್ಕೊಂಡು ಲ್ಯಾಬಿಗೆ ಕೊಡಿ, ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಿರಬಾರದು, ನಮ್ಮ ಜಿಲ್ಲೇಲಿ ಇದು ಹಳೇ ತೊಂದರೆ. ಫ್ಲೋರೈಡ್ ಜಾಸ್ತಿ ಆದ್ರೆ ಹಲ್ಲಲ್ಲಿ ಕಾಣುತ್ತೆ, ಅಲ್ಲೇ ಹುಟ್ಟಿ ಬೆಳೆದ ಮಕ್ಕಳ ಹಲ್ಲಲ್ಲಿ ಕಂದು ಪಟ್ಟೆ ಇದೆಯಾ ಅಂತನೂ ಗಮನಿಸಿ.

ಅವಸರ ಮಾಡಿದ್ರೆ ಹೀಗನ್ನಿ, "ಅಣ್ಣಾ, ಮನೆ ನಮಗೆ ಇಷ್ಟ, ನಿಮ್ಮ ಅಕ್ಕ ತಂಗೀರನ್ನ ಒಂದಿನ ಕರೆಸಿ, ಅವರ ಎದುರಿಗೇ ಅಗ್ರಿಮೆಂಟ್ ಮಾಡ್ಕೊಂಡು ಅಡ್ವಾನ್ಸ್ ಕೊಡ್ತೀವಿ." ಅವರು ಬಂದ್ರಾ, ಏನಂದ್ರು ಅಂತ ನನಗೆ ಬರೀರಿ, ಕಾಯ್ತಿರ್ತೀನಿ.