ಎರಡನೇ ಶನಿವಾರ ದಾಟಿದ ಮೇಲೆ ಬಂದ ನೊಣ

"ಕಣ್ಣು ತೋರಿಸೋಕೆ ಹೈದರಾಬಾದಿಗೆ ಹೋಗಿದ್ಯಾ? ಅದೂ ಏನೋ ಚುಕ್ಕಿ ಕಾಣುತ್ತೆ ಅಂತ? ನಿಮ್ಮೂರಲ್ಲಿ ಕಣ್ಣಿನ ಡಾಕ್ಟರೇ ಇಲ್ವಾ? ಬೆಂಗಳೂರಿಗಾದ್ರೂ ಬರಬಾರದಿತ್ತಾ? ನೀವು ಅರ್ಧ ಆ ಕಡೆಯವರೇ ಬಿಡು."

ನಾಲ್ಕು ಪ್ರಶ್ನೆ, ಕೊನೆಗೊಂದು ತೀರ್ಪು. ನೀನು ನಗುತ್ತಾ ಕೇಳಿದೆ, ನಾನೂ ನಕ್ಕೆ. ಫೋನ್ ಇಟ್ಟ ಮೇಲೆ ಸ್ವಲ್ಪ ಉರಿಯಿತು, ಸುಳ್ಳು ಯಾಕೆ ಹೇಳಲಿ. ಹಾಸನದಿಂದ ಬಂದು ಬೆಂಗಳೂರಿಗನಾದ ನಿನಗೆ ನಮ್ಮ ರಾಯಚೂರು ಅರ್ಥ ಮಾಡಿಸುವ ಕೆಲಸ ನನಗೆ ಹಾಸ್ಟೆಲ್ ದಿನಗಳಿಂದ ಅಂಟಿಕೊಂಡಿದೆ. ಇಪ್ಪತ್ತೈದು ವರ್ಷ ಆಯಿತು, ಇನ್ನೂ ಸಿಲಬಸ್ ಮುಗಿದಿಲ್ಲ.

ಮೊದಲು ತೀರ್ಪಿನ ಲೆಕ್ಕ ಚುಕ್ತಾ ಮಾಡುತ್ತೇನೆ. ನೀನು ವರ್ಷಕ್ಕೊಮ್ಮೆ ಮನೆಯವರನ್ನೆಲ್ಲ ಕಟ್ಟಿಕೊಂಡು ಮಂತ್ರಾಲಯಕ್ಕೆ ಬರುತ್ತೀಯ. (ಮಂತ್ರಾಲಯಂ ರೋಡ್ ಸ್ಟೇಷನ್ನಿನಲ್ಲೇ ಇಳಿಯುತ್ತೀಯ, ಒಂದು ಹೆಜ್ಜೆ ಮುಂದೆ ಬಂದರೆ ನಮ್ಮ ಮನೆ. ಅದು ಬೇರೆ ಜಗಳ.) ರಾಯರ ಮಠ ಯಾವ ರಾಜ್ಯದಲ್ಲಿದೆ? ಆಂಧ್ರದ ಕರ್ನೂಲು ಜಿಲ್ಲೆಯಲ್ಲಿ. ಅಲ್ಲಿಗೆ ಹೋಗಿ ಬಂದ ನಿನ್ನನ್ನು ಯಾರಾದರೂ ಅರ್ಧ ಆ ಕಡೆಯವನು ಅಂದರಾ? ರಾಯರ ಹತ್ತಿರ ಹೋದರೆ ಯಾತ್ರೆ, ಡಾಕ್ಟರ ಹತ್ತಿರ ಹೋದರೆ ಪಕ್ಷಾಂತರ. ಚೆನ್ನಾಗಿದೆ ನಿನ್ನ ನ್ಯಾಯ.

ನಮ್ಮಜ್ಜನಿಗೆ ಹೈದರಾಬಾದ್ ಬೇರೆ ರಾಜ್ಯವೇ ಆಗಿರಲಿಲ್ಲ. 1956ರ ನವೆಂಬರ್ 1ರವರೆಗೆ ಅದೇ ನಮ್ಮ ರಾಜಧಾನಿ. ಅಜ್ಜ ಶಾಲೆಯಲ್ಲಿ ಕಲಿತದ್ದು ಉರ್ದು. ಹೊಲದ ಹಳೇ ಕಾಗದ ಈಗಲೂ ಉರ್ದುವಿನಲ್ಲಿದೆ. ಮನೆಯಲ್ಲಿ ಬೈಯುತ್ತಿದ್ದದ್ದು ಮಾತ್ರ ಅಚ್ಚ ಕನ್ನಡದಲ್ಲಿ. ಅವನ ಹೊಟ್ಟೆ ಆಪರೇಷನ್ ಆಗಿದ್ದು ಮೂಸಿ ನದಿ ದಂಡೆಯ ಉಸ್ಮಾನಿಯಾ ಆಸ್ಪತ್ರೆಯಲ್ಲಿ. ಆಮೇಲೆ ನಕಾಶೆ ಬದಲಾಯಿತು, ಬಸ್ಸಿನ ದಾರಿ ಬದಲಾಗಲಿಲ್ಲ. 2019ರಲ್ಲಿ ಹೈದರಾಬಾದ್ ಕರ್ನಾಟಕ ಅನ್ನುವ ಹೆಸರು ತೆಗೆದು ಕಲ್ಯಾಣ ಕರ್ನಾಟಕ ಅಂತ ಇಟ್ಟರು. ಒಳ್ಳೆಯ ಹೆಸರು, ನನಗೂ ಇಷ್ಟ. ಆದರೆ ಹೈದರಾಬಾದ್ ಹೋದದ್ದು ಹೆಸರಿನಿಂದ. ಬೆಳಗಿನ ಬಸ್ಸಿನ ಬೋರ್ಡಿನಿಂದ ಹೋಗಲಿಲ್ಲ, ಆ ಬಸ್ಸಿನ ತುಂಬ ಎಕ್ಸ್‌ರೇ ಕವರ್ ಹಿಡಿದು ಕೂತವರು ಇಳಿದುಹೋಗಲಿಲ್ಲ.

ಸರಿ, ಈಗ ನೊಣದ ಕಥೆ.

ಜೂನ್ ತಿಂಗಳು. ಮಿರುಗ ಮಳೆ ಒಂದು ಹದ ಬಿದ್ದಿತ್ತು. ನನ್ನ ಬೀಜ-ಗೊಬ್ಬರದ ಅಂಗಡಿಗೆ ವರ್ಷದ ಊಟ ದುಡಿಯುವ ದಿನಗಳು ಅವು. ಹತ್ತಿ ಬೀಜದ ಪಾಕೀಟಿಗೆ ರೈತರು ಬೆಳಗ್ಗೆ ಏಳಕ್ಕೇ ಬಂದು ಕೂತಿರುತ್ತಾರೆ. ಸೋಮವಾರ ಬಿಲ್ಲು ಬರೆಯುತ್ತಾ ಕೂತಿದ್ದೆ. ಪುಸ್ತಕದ ಮೇಲೆ ನೊಣ ಬಂತು. ಕೈಬೀಸಿದೆ, ಹೋಗಲಿಲ್ಲ. ಮತ್ತೆ ಬೀಸಿದೆ. ಎದುರಿಗಿದ್ದ ಮುದುಕ ಕೇಳಿದ, "ಯಾರಿಗೆ ಬಾ ಅಂತ ಕರೀತಿದ್ದೀರಿ ಸಾವ್ಕಾರ್ರೇ?" ನೊಣ ಇದ್ದದ್ದು ಪುಸ್ತಕದ ಮೇಲಲ್ಲ, ನನ್ನ ಎಡಗಣ್ಣಿನೊಳಗೆ. ಕಣ್ಣು ತಿರುಗಿಸಿದ ಕಡೆ ಅದೂ ತಿರುಗುತ್ತಿತ್ತು. ರಾತ್ರಿ ಲೈಟು ಆರಿಸಿದರೆ ಕಣ್ಣಿನ ಅಂಚಿನಲ್ಲಿ ಸಣ್ಣ ಮಿಂಚು. ನೋವಿಲ್ಲ, ಕೆಂಪಿಲ್ಲ, ನೀರಿಲ್ಲ.

ಅವ್ವ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ದೃಷ್ಟಿ ಉಳಿಯಲಿ ಅಂತ ದೃಷ್ಟಿ ತೆಗೆದಳು. ಮಂಗಳವಾರ ಕನ್ನಡಕದ ಅಂಗಡಿಯವನು ನಂಬರ್ ಬದಲಾಗಿರಬೇಕು ಅಂದ. ಬುಧವಾರ ನಮ್ಮೂರಿನ ಕಣ್ಣಿನ ಡಾಕ್ಟರ ಹತ್ತಿರ ಹೋದೆ. ಹೌದಪ್ಪ, ನಮ್ಮೂರಲ್ಲೂ ಕಣ್ಣಿನ ಡಾಕ್ಟರಿದ್ದಾರೆ, ಒಳ್ಳೆಯವರಿದ್ದಾರೆ. ಪೊರೆ ತೆಗೆಯುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಅವರು ನೋಡಿ ಹೇಳಿದ ಮಾತು ಇಷ್ಟು: "ಬಹುಶಃ ಏನೂ ಇರಲ್ಲ. ಆದ್ರೆ ಕಾಯಬೇಡಿ."

ಈ ಎರಡು ವಾಕ್ಯದ ನಡುವೆ ಸಿಕ್ಕಿಹಾಕಿಕೊಂಡವನ ಪಾಡು ನಿನಗೆ ಗೊತ್ತಾಗಬೇಕು.

ಅವರು ಬಿಡಿಸಿ ಹೇಳಿದರು. ಕಣ್ಣಿನ ಗುಡ್ಡೆಯೊಳಗೆ ಲೋಳೆಯಂಥ ಪದಾರ್ಥ ಇರುತ್ತದೆ. ವಯಸ್ಸಾದ ಹಾಗೆ ಅದು ಕುಗ್ಗಿ, ಹಿಂದಿನ ಪರದೆಯಿಂದ, ಅಂದರೆ ರೆಟಿನಾದಿಂದ, ಬಿಟ್ಟುಕೊಳ್ಳುತ್ತದೆ. ಅದರ ನೆರಳೇ ಈ ನೊಣ. ಪರದೆಯನ್ನು ಜಗ್ಗಿದಾಗ ಮಿಂಚು. ಬಹಳ ಜನಕ್ಕೆ ಇಷ್ಟಕ್ಕೇ ಮುಗಿಯುತ್ತದೆ, ನೊಣ ಅಭ್ಯಾಸ ಆಗಿಹೋಗುತ್ತದೆ. ಕೆಲವರಿಗೆ ಮಾತ್ರ ಜಗ್ಗಿದ ಜಾಗದಲ್ಲಿ ಪರದೆ ಹರಿಯುತ್ತದೆ. ನನ್ನ ಹಾಗೆ ಮೈನಸ್ ಆರು ನಂಬರಿನವರಿಗೆ ಆ ಭಯ ಜಾಸ್ತಿ. ಹರಿದದ್ದು ಬೇಗ ಸಿಕ್ಕರೆ ಲೇಸರ್ ಹಾಕಿ ಕಳಿಸುತ್ತಾರೆ. ತಡವಾಗಿ ಪರದೆಯೇ ಕಳಚಿಕೊಂಡರೆ ದೊಡ್ಡ ಆಪರೇಷನ್, ನೋಟ ಪೂರ್ತಿ ವಾಪಸ್ ಬರುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ಅದನ್ನು ಪರದೆಯ ಸ್ಪೆಷಲಿಸ್ಟೇ ಅಂಚಿನವರೆಗೂ ನೋಡಿ ಹೇಳಬೇಕು.

"ಅವರು ಎಲ್ಲಿ ಸಿಗ್ತಾರೆ ಸರ್?"

"ಇಲ್ಲಿಗೇ ಬರ್ತಾರೆ. ಎರಡನೇ ಮತ್ತು ನಾಲ್ಕನೇ ಶನಿವಾರ."

ಎರಡನೇ ಶನಿವಾರ ದಾಟಿ ಎರಡು ದಿನಕ್ಕೆ ನೊಣ ಬಂದಿತ್ತು. ನಾಲ್ಕನೇ ಶನಿವಾರಕ್ಕೆ ಇನ್ನೂ ಹತ್ತು ದಿನ.

ನಮ್ಮೂರಿನ ನಿಜವಾದ ತೊಡಕು ಇದು. ನೀವೆಲ್ಲ ತಿಳಿದಿರುವಂತೆ ಇಲ್ಲಿ ಏನೂ ಇಲ್ಲ ಅಂತಲ್ಲ. ಇಲ್ಲಿ ಎಲ್ಲಾ ಇದೆ, ಆದರೆ ವಾರಕ್ಕೊಮ್ಮೆ ಇದೆ. ನರದ ಡಾಕ್ಟರು ಭಾನುವಾರ, ಕಿಡ್ನಿಯವರು ತಿಂಗಳ ಮೊದಲ ವಾರ, ಪರದೆಯವರು ಹದಿನೈದು ದಿನಕ್ಕೊಮ್ಮೆ. ಔಷಧಿ ಅಂಗಡಿಯ ಗೋಡೆ ಮೇಲೆ ಸಂತೆ ದಿನಗಳ ಹಾಗೆ ಬೋರ್ಡು ಬರೆದು ಹಾಕಿರುತ್ತಾರೆ. ರೋಗ ಸಂತೆಯ ದಿನ ನೋಡಿ ಬರಬೇಕು. ಎದೆ ಹಿಡಿದುಕೊಂಡರೆ ಏನು ಮಾಡಬೇಕು ಅಂತ ನಮ್ಮ ಓಣಿಯ ಹುಡುಗರಿಗೂ ಗೊತ್ತು. ಹಾವು ಕಡಿದರೆ ಎಲ್ಲಿಗೆ ಓಡಬೇಕು ಗೊತ್ತು. ನೆಗಡಿ ಜ್ವರಕ್ಕೆ ನೂರು ದಾರಿ. ಸಣ್ಣದು, ಆದರೆ ಕಾಯಬಾರದ್ದು ಅನ್ನುವ ಜಾತಿಯ ರೋಗಕ್ಕೆ ಮಾತ್ರ ಯಾವ ಬಾಗಿಲು ತಟ್ಟಬೇಕೋ ಯಾರಿಗೂ ಗೊತ್ತಿಲ್ಲ.

ಗುರುವಾರ ಒಂದು ಬಾಗಿಲು ತಟ್ಟಿದೆ, ಒಂದು ದಿನ ಕಳೆದುಕೊಂಡೆ. ಭಾವ ಹೇಳಿದರು, ನಾಳೆ ಲೇಸರ್ ಗೀಸರ್ ಅಂದರೆ ದುಡ್ಡಿನ ಲೆಕ್ಕ ಹತ್ತುತ್ತದೆ, ಮೊದಲೇ ಸರ್ಕಾರಿ ಆಸ್ಪತ್ರೆಯ ಚೀಟಿ ಬರೆಸಿಕೋ ಅಂತ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದ ನಿಯಮ ನಿನಗೆ ಗೊತ್ತಿರಲಿಕ್ಕಿಲ್ಲ, ಕಂಪನಿ ಇನ್ಶೂರೆನ್ಸ್ ಇರುವವನು ನೀನು. ಬಿ.ಪಿ.ಎಲ್. ಕಾರ್ಡಿನವರಿಗೆ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದವರೆಗೆ. ನಮ್ಮಂಥ ಎ.ಪಿ.ಎಲ್.ನವರಿಗೆ ಪ್ಯಾಕೇಜ್ ದರದ ಶೇಕಡ 30ರಷ್ಟು ಸರ್ಕಾರದ್ದು, ಉಳಿದದ್ದು ನಮ್ಮ ಜೇಬಿನದು. ಅದಕ್ಕೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಎಮರ್ಜೆನ್ಸಿ ಆದರೆ ಚೀಟಿ ಬೇಡ.

ಕೌಂಟರಿನವನು ಕೇಳಿದ್ದೂ ಅದನ್ನೇ. "ಎಮರ್ಜೆನ್ಸಿನಾ?"

ಏನು ಹೇಳಲಿ? ಎರಡು ಕಾಲ ಮೇಲೆ ನಿಂತಿದ್ದೇನೆ, ಮೀಸೆ ತಿದ್ದಿದ್ದೇನೆ, ಅಂಗಿ ಇಸ್ತ್ರಿ ಆಗಿದೆ. ಹಿಂದೆ ಒಬ್ಬ ಹೆಣ್ಣುಮಗಳು ಜ್ವರದ ಕೂಸನ್ನು ಹೆಗಲ ಮೇಲೆ ಹಾಕಿಕೊಂಡು ನಿಂತಿದ್ದಾಳೆ. "ಅಲ್ಲ, ಆದರೆ ಬೇಗ ನೋಡಬೇಕಂತೆ" ಅಂದೆ. ಅವನ ಕಂಪ್ಯೂಟರಿನಲ್ಲಿ ಎಮರ್ಜೆನ್ಸಿ ಅಂತ ಒಂದು ಮನೆ ಇತ್ತು, ಅಲ್ಲ ಅಂತ ಇನ್ನೊಂದು. 'ಅಲ್ಲ, ಆದರೆ' ಅನ್ನುವುದಕ್ಕೆ ಮನೆ ಇರಲಿಲ್ಲ. ಅಲ್ಲ ಅಂತ ಒತ್ತಿದ. ಹನ್ನೊಂದರಿಂದ ಎರಡರವರೆಗೆ ಕೂತೆ. ಚೀಟಿ ಬರೆಯುವವರು ಅವತ್ತು ರಜೆ, ನಾಳೆ ಬನ್ನಿ ಅಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಆ ಸಾಲು ನೋಡಿದ್ದರೆ ನಿನಗೂ ಬರುತ್ತಿರಲಿಲ್ಲ. ಇದ್ದ ನಾಲ್ವರು ಎಂಟು ಜನರ ಕೆಲಸ ಮಾಡುತ್ತಿದ್ದರು.

ಇನ್ನೊಂದು ವಿಷಯ. ಈ ಕಾರ್ಡುಗಳೆಲ್ಲ ಚಿಕಿತ್ಸೆಗೆ ಆಸ್ಪತ್ರೆಯಲ್ಲಿ ದಾಖಲಾದವರಿಗೆ. ಬಂದು, ಕಣ್ಣಿಗೆ ಹನಿ ಹಾಕಿಸಿಕೊಂಡು, ಏನೂ ಇಲ್ಲ ಅನ್ನಿಸಿಕೊಂಡು ಹೋಗುವವರಿಗೆ ಅಲ್ಲ. ಇದನ್ನು ಚೀಟಿಗೆ ಕಾದು ಎರಡು ಗಂಟೆಯಾದ ಮೇಲೆ ಪಕ್ಕದಲ್ಲಿ ಕೂತವರು ಹೇಳಿದರು.

ಬೆಂಗಳೂರು ಯಾಕಲ್ಲ ಅಂದೆಯಲ್ಲ. ಹೈದರಾಬಾದ್ ನಮಗೆ 200 ಕಿಲೋಮೀಟರಿನ ಆಸುಪಾಸು, ಬೆಂಗಳೂರು 400ರ ಮೇಲೆ. ರಾತ್ರಿ ರೈಲು ಹತ್ತಿದರೆ ಬೆಳಗ್ಗೆ ನಿಮ್ಮೂರು, ಸೀಟು ಸಿಕ್ಕರೆ. ಒಂದು ದಿನದ ಕೆಲಸಕ್ಕೆ ಎರಡು ರಾತ್ರಿ. ಅಂಗಡಿ ಎರಡು ದಿನ ಮುಚ್ಚಿದರೆ ಜೂನ್ ತಿಂಗಳಲ್ಲಿ ನನ್ನ ಗಿರಾಕಿ ಪಕ್ಕದ ಅಂಗಡಿಯ ಕಾಯಂ ಗಿರಾಕಿ ಆಗುತ್ತಾನೆ. ಅದೂ ಅಲ್ಲದೆ, ಸಿಟ್ಟಾಗಬೇಡ, ನಿಮ್ಮೂರಿನ ರಿಸೆಪ್ಷನ್ನಿನಲ್ಲಿ ನನ್ನ ಕನ್ನಡ ಕೇಳಿ ಹಿಂದಿಯಲ್ಲಿ ಉತ್ತರ ಕೊಟ್ಟದ್ದನ್ನು ನಾನು ಮರೆತಿಲ್ಲ.

ಶುಕ್ರವಾರ ಬೆಳಗ್ಗೆ ಐದರ ಬಸ್ಸು. ಜೊತೆಗೆ ನಮ್ಮಾಕೆ. ಹನಿ ಹಾಕಿದ ಮೇಲೆ ನಾಲ್ಕೈದು ಗಂಟೆ ಕಣ್ಣು ಮಂಜು, ಒಬ್ಬನೇ ರಸ್ತೆ ದಾಟುವ ಹಾಗಿಲ್ಲ. ದೇವಸೂಗೂರಿನ ಹತ್ತಿರ ನಿಜಾಮರ ಕಾಲದ ಸೇತುವೆ, ಕೆಳಗೆ ಕೃಷ್ಣೆ, ಆಚೆಗೆ ತೆಲಂಗಾಣ. ಹೆಣ್ಣುಮಕ್ಕಳಿಗೆ ಉಚಿತ ಬಸ್ಸಿನ ನಮ್ಮ ಶಕ್ತಿ ಯೋಜನೆ ನಮ್ಮ ರಾಜ್ಯದೊಳಗೆ. ಅವರ ಮಹಾಲಕ್ಷ್ಮಿ ಅವರ ರಾಜ್ಯದ ಹೆಣ್ಣುಮಕ್ಕಳಿಗೆ. ಪಕ್ಕದ ಸೀಟಿನಾಕೆ ಆಧಾರ್ ತೋರಿಸಿದಳು, ದುಡ್ಡಿಲ್ಲದ ಚೀಟಿ ಸಿಕ್ಕಿತು. ನಮ್ಮಾಕೆಯೂ ತೋರಿಸಿದಳು, ಕಂಡಕ್ಟರ್ ನೋಡಿ ತಲೆ ಅಲ್ಲಾಡಿಸಿದ. "ಹೊಳೆ ದಾಟಿದ ಮೇಲೆ ನಾನು ಹೆಂಗಸಲ್ಲೇನು?" ಅಂತ ಮಕ್ತಲ್ ಬರುವವರೆಗೂ ನನ್ನನ್ನೇ ಕೇಳಿದಳು, ನಾನೇ ಕಾನೂನು ಮಾಡಿದವನ ಹಾಗೆ.

ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಿದ ಹುಡುಗಿಗೆ ತೆಲುಗು ಮಾತ್ರ ಸಲೀಸು. ನನಗೆ ಅಂಗಡಿ ತೆಲುಗು ಬರುತ್ತದೆ: ಯೂರಿಯಾ, ಪಾಕೀಟು, ಬಾಕಿ, ಬಡ್ಡಿ. ಕಣ್ಣಿನ ತೆಲುಗು ಬರುವುದಿಲ್ಲ. ಏನು ಕಾಣುತ್ತದೆ ಅಂತ ಕೇಳಿದಳು. ಮಾತು ಹುಡುಕುತ್ತಾ "ಈಗ..." ಅಂದೆ, ಈಗ ಏನಂದರೆ ಅಂತ ಶುರು ಮಾಡಲು. ಅವಳು ತಕ್ಷಣ ಬರೆದುಕೊಂಡು, ಎಷ್ಟು ಅಂತ ಕೇಳಿದಳು. ತೆಲುಗಿನಲ್ಲಿ 'ಈಗ' ಅಂದರೆ ನೊಣ! ಐದು ದಿನದಲ್ಲಿ ನನ್ನ ರೋಗ ಒಂದೇ ಪದಕ್ಕೆ ಅರ್ಥವಾದದ್ದು ಅಲ್ಲೇ. ಮುಂದೆ ಡಾಕ್ಟರ ಹತ್ತಿರ ದಖ್ಖನಿ ಉರ್ದುವಿನಲ್ಲಿ ಮಾತಾಡಿದೆ. ಬಿಲ್ಲಿನ ವಿಷಯಕ್ಕೆ ನಮ್ಮಾಕೆಯ ಜೊತೆ ಕನ್ನಡದಲ್ಲಿ ಜಗಳ. ಒಂದು ಚೀಟಿಗೆ ಮೂರು ಭಾಷೆ. ಇದನ್ನೇ ನೀನು 'ಅರ್ಧ' ಅನ್ನುವುದು. ನನ್ನ ಲೆಕ್ಕದಲ್ಲಿ ಇದು ಒಂದಕ್ಕಿಂತ ಜಾಸ್ತಿ.

ಡಾಕ್ಟರು ತಲೆಗೆ ದೀಪ ಕಟ್ಟಿಕೊಂಡು ಮೇಲೆ ನೋಡು, ಕೆಳಗೆ ನೋಡು ಅಂತ ಹತ್ತು ನಿಮಿಷ ನೋಡಿದರು. ಹರಿದಿಲ್ಲ. ಲೋಳೆ ಬಿಟ್ಟುಕೊಂಡಿದೆ ಅಷ್ಟೆ. ತಿಂಗಳ ನಂತರ ಇನ್ನೊಮ್ಮೆ ತೋರಿಸಿ, ಅಲ್ಲಿಯವರೆಗೆ ನೊಣಗಳು ಒಮ್ಮೆಲೇ ಜಾಸ್ತಿ ಆದರೆ ಅಥವಾ ಕಿಟಕಿಯ ಪರದೆ ಎಳೆದ ಹಾಗೆ ಕತ್ತಲಾದರೆ ಅವತ್ತೇ ಬನ್ನಿ ಅಂದರು. ಅವತ್ತೇ! ಆ ಪದ ಕೇಳಿ ನಮ್ಮಾಕೆ ನಕ್ಕೇಬಿಟ್ಟಳು. ಹೊರಗೆ ಬಂದರೆ ಜೂನಿನ ಬಿಸಿಲು. ಕಣ್ಣ ಪಾಪೆ ಅಗಲವಾಗಿದ್ದವನಿಗೆ ಅದು ಕಾದ ಹಂಚಿನ ಮೇಲೆ ಮುಖ ಇಟ್ಟ ಹಾಗೆ. ಅವಳ ಸೆರಗು ಹಿಡಿದು ಬಸ್‌ಸ್ಟ್ಯಾಂಡಿಗೆ ಬಂದೆ.

ಇಷ್ಟು ಕೇಳಿ ನೀನು ಏನಂದೆ ನೆನಪಿದೆಯಾ? "ನೋಡು, ಏನೂ ಇರಲಿಲ್ಲ. ಸುಮ್ನೆ ಹೋದೆ." ನನಗೆ ಉರಿದದ್ದು ಅಲ್ಲಿ, ದೋಸ್ತ. ನಿಮ್ಮೂರಲ್ಲಿ 'ಕಣ್ಣಿಗೆ ಏನೂ ಆಗಿಲ್ಲ' ಅಂತ ತಿಳಿಯಲು ಮಧ್ಯಾಹ್ನ ಎರಡು ಗಂಟೆ ರಜೆ ಹಾಕಿದರೆ ಸಾಕು. ನನಗೆ ಅದೇ ಮಾತಿಗೆ ಐದು ದಿನ, ಎರಡು ರಾಜ್ಯ, 3,000 ರೂಪಾಯಿಯ ಹತ್ತಿರ. ದುಡ್ಡು ಹೋಗಲಿ. ಆ ನಾಲ್ಕು ರಾತ್ರಿ ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣಿನಲ್ಲಿ ಫ್ಯಾನಿನ ಮೂರೂ ರೆಕ್ಕೆ ಕಾಣುತ್ತವಾ ಅಂತ ಎಣಿಸಿದ್ದು ನಿನ್ನ 'ಸುಮ್ನೆ'ಯಲ್ಲಿ ಎಲ್ಲಿದೆ?

ಇಲ್ಲಿ ಏಮ್ಸ್ ಬೇಕು ಅಂತ 2022ರ ಮೇ ತಿಂಗಳಿಂದ ಜನ ಧರಣಿ ಕೂತರು. ಸಾವಿರ ದಿನ ದಾಟಿತು. ನಾನೂ ಒಂದು ದಿನ ಕೂತು ಬಂದೆ. ಏಮ್ಸ್ ಬಂದರೆ ನನ್ನ ನೊಣ ಓಡಿಹೋಗುತ್ತದೆ ಅಂತ ನಾನು ನಂಬಿಲ್ಲ. ಪ್ರತಿ ದಿನ, ಬುಧವಾರವೂ ಸೇರಿ, ಇದೇ ಊರಿನಲ್ಲಿ ಮನೆ ಮಾಡಿಕೊಂಡಿರುವ ಒಬ್ಬ ಪರದೆ ಡಾಕ್ಟರು ನನಗೆ ಸಾಕು.

ತಿಂಗಳ ತಪಾಸಣೆಗೆ ಜುಲೈ ಎರಡನೇ ಶನಿವಾರ ಹತ್ತಿರ ಬರುತ್ತಿತ್ತು. ಈ ಸಲ ಊರಲ್ಲೇ ಆಯಿತು ಅಂತ ಖುಷಿಯಾಗಿ ಹೆಸರು ಬರೆಸಿದ್ದೆ. ನಿನ್ನೆ ಸಂಜೆ ಕ್ಲಿನಿಕ್ಕಿನಿಂದ ಫೋನ್ ಬಂತು. ಈ ಶನಿವಾರ ಡಾಕ್ಟರು ಬರುತ್ತಿಲ್ಲ, ನಾಲ್ಕನೇ ಶನಿವಾರ ಬನ್ನಿ ಸರ್. ಎಲ್ಲಿಂದ ಬರ್ತಾರೆ ಅವರು ಅಂತ ಮೊದಲ ಸಲ ಕೇಳಿದೆ. ಹೈದರಾಬಾದಿನಿಂದ ಅಂದ.

ನಮ್ಮಾಕೆ ಚೀಲ ಇಳಿಸಿದ್ದಾಳೆ. ಐದರ ಬಸ್ಸಿಗೆ ರೊಟ್ಟಿ ಕಟ್ಟುತ್ತಿದ್ದಾಳೆ. ಆಧಾರ್ ಕಾರ್ಡು ತಗೊಳ್ಳಲಾ ಅಂತ ಕೇಳಿದಳು. ಇರಲಿ ತಗೋ ಅಂದೆ, ಈ ಸಲ ಕಂಡಕ್ಟರ್ ಬೇರೆಯವನಿರಬಹುದು.